ಮೂವತ್ತೊಂದು ಜನ ಅಪ್ಪಂದಿರು

ಗಿಮರಾಸ್ ದ್ವೀಪ
ಮಾರ್ಚ್ 11

ಜೋವೆಲಿನ್,

ಪ್ರೀತಿಯ, ಮುದ್ದಿನ ಎಂದೆಲ್ಲ ಬರೆಯುವುದಿಲ್ಲ. ಅಂಥ ಮಾತುಗಳು ನಿನ್ನ ಹತ್ತಿರ ಮೂಟೆಗಟ್ಟಲೆ ಇರುತ್ತವೆ, ಬೇಕಾದರೆ ನೀನೇ ಹಾಕಿಕೋ.

ಕಪಿತಾನ್ ದೊಮಿನಾದೋರ್ ಸತ್ತ. ಇಪ್ಪತ್ತು ವರ್ಷ ಹಳ್ಳಿಯ ಮುಖ್ಯಸ್ಥನಾಗಿ ಮೆರೆದವನಲ್ಲವೇ, ಸಾವಿಗೆ ಊರೆಲ್ಲ ಸೇರಿತ್ತು. ಹೆಣ ಎತ್ತುವ ತನಕ ಅವನ ಅಂಗಳದಲ್ಲಿ ದಿನಾ ಜಪ, ಇಸ್ಪೀಟು, ಕಾಫಿ, ಬಿಸ್ಕತ್ತು. ಶನಿವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಅವನ ಮಗ ರೊಮುವಾಲ್ಡೊ ಮೈಕಿನ ಮುಂದೆ ನಿಂತು ಎರಡು ಹಾಳೆ ಓದಿದ.

“ನಮ್ಮಪ್ಪ ಊಟಕ್ಕೆ ಕೂತ್ರೆ ಮೀನಿನ ತಲೇನೇ ತಗೋತಿದ್ರು. ನಂಗೆ ಅದೇ ಇಷ್ಟ ಅಂತಿದ್ರು. ಮಕ್ಕಳಿಗೆ ಹೊಟ್ಟೆಭಾಗ ಉಳೀಲಿ ಅಂತ ಹಾಗಂತಿದ್ರು ಅನ್ನೋದು ನಾವು ದೊಡ್ಡವರಾದ ಮೇಲೆ ಗೊತ್ತಾಯ್ತು” ಅಂದ. ನನ್ನ ಮುಂದಿನ ಬೆಂಚಿನ ಹೆಂಗಸರು ಕರವಸ್ತ್ರ ತೆಗೆದರು. ಆಮೇಲೆ ನಡುಸಮುದ್ರದಲ್ಲಿ ದೋಣಿಯ ಇಂಜಿನ್ ನಿಂತ ಕಥೆ. ಮಕ್ಕಳು ಹೆದರಬಾರದು ಎಂದು ಅಪ್ಪ ದಡ ಮುಟ್ಟುವವರೆಗೂ ಸಿಳ್ಳೆ ಹಾಕುತ್ತಲೇ ಇದ್ದನಂತೆ. ಆಮೇಲೆ ಮಳೆಗಾಲದಲ್ಲಿ ಮಗಳ ಶಾಲೆಯ ಬೂಟುಗಳನ್ನು ತನ್ನ ಅಂಗಿಯೊಳಗೆ ಇಟ್ಟುಕೊಂಡು ಗೇಟಿನ ತನಕ ಹೊತ್ತದ್ದು.

ಕಪಿತಾನನಿಗೆ ದೋಣಿ ಎಲ್ಲಿತ್ತು? ನೀರು ಕಂಡರೆ ವಾಂತಿ ಮಾಡುತ್ತಿದ್ದ ಮನುಷ್ಯ. ಅವನಿಗೆ ಹೆಣ್ಣುಮಕ್ಕಳೇ ಇಲ್ಲ. ಮಗಳ ಬೂಟು ಯಾರದು ಎಂದು ಆ ಚರ್ಚಿನಲ್ಲಿ ಒಬ್ಬರೂ ಕೇಳಲಿಲ್ಲ. ಅಳುವವರಿಗೆ ಲೆಕ್ಕ ಬೇಕಾಗುವುದಿಲ್ಲ.

ಹೊರಗೆ ಬಂದು ರೊಮುವಾಲ್ಡೊನ ಹೆಂಡತಿಯನ್ನು ಕೇಳಿದೆ. “ಮನಿಲಾದಿಂದ ತರಿಸಿದ್ದು ಮನಾಂಗ್. ಫಾರಂ ತುಂಬಿದ್ರೆ ಒಂದೇ ದಿನಕ್ಕೆ ಬರುತ್ತೆ. ನಮ್ಮ ಭಾಷೇಲೇ ಬರಕೊಡ್ತಾರೆ, ಚೆನ್ನಾಗಿತ್ತು ಅಲ್ವಾ?” ಅಂದಳು.

ಚೆನ್ನಾಗಿತ್ತು. ಮನಿಲಾದಲ್ಲಿ ಕೂತು ನಮ್ಮ ಭಾಷೆ ಬರೆಯುವ, ದೋಣಿಯಲ್ಲಿ ಬೆಳೆದ ಹುಡುಗಿಯರು ಎಷ್ಟು ಜನ ಇದ್ದಾರೆ?

ಫೋನಿನಲ್ಲಿ ಉತ್ತರ ಬೇಡ. ಫೋನಿನಲ್ಲಿ ನೀನು ಗಿರಾಕಿಗಳಿಗೆ ಮಾತಾಡುವ ಹಾಗೆಯೇ ನನಗೂ ಮಾತಾಡುತ್ತೀ. ಕೈಯಲ್ಲಿ ಬರೆ. ಎಲ್ಲೆಲ್ಲಿ ಬರೆದು ಹೊಡೆದುಹಾಕಿದ್ದೀ ಎನ್ನುವುದು ನನಗೆ ಕಾಣಬೇಕು.

ಪರ್ಪೆತುವಾ


ಕೆಸೋನ್ ಸಿಟಿ
ಮನಿಲಾ
ಮಾರ್ಚ್ 23

ಮನಾಂಗ್,

ಹಾಗೆ ಕರೆಯುವುದು ಗೌರವಕ್ಕಲ್ಲ. ಹುಟ್ಟಿದಾಗಿನಿಂದ ಅಕ್ಕನನ್ನು ಹಾಗೆ ಕರೆದು ನಾಲಿಗೆಗೆ ರೂಢಿಯಾಗಿದೆ, ಅಷ್ಟೇ.

ಹನ್ನೊಂದು ವರ್ಷದಲ್ಲಿ ನನ್ನ ಕೆಲಸ ಏನೆಂದು ನೀನು ಒಂದು ಸಲವೂ ಕೇಳಿಲ್ಲ. ಅಪ್ಪನಂತೂ ದಕ್ಕೆಯಲ್ಲಿ ಎಲ್ಲರಿಗೂ ನಾನು ಟೀಚರ್ ಎಂದೇ ಹೇಳಿಕೊಂಡು ಬಂದಿದ್ದಾನೆ. ಈಗ ಕೇಳಿದ್ದೀ, ಅದೂ ಕಳ್ಳಿಯ ಪಟ್ಟ ಕಟ್ಟಿದ ಮೇಲೆ. ಹಾಗಾದರೆ ಕೇಳಿಸಿಕೋ.

ಬೆಳಿಗ್ಗೆ ಎದ್ದು ಅನ್ನದ ಕುಕ್ಕರ್ ಬಗ್ಗೆ ಮುನ್ನೂರು ಪದ ಬರೆಯುತ್ತೇನೆ. ಆ ಕುಕ್ಕರನ್ನು ನಾನು ಕಣ್ಣಲ್ಲಿ ಕಂಡಿಲ್ಲ. ಹೋಗದ ಹೋಟೆಲುಗಳ ಹಾಸಿಗೆ ಮೆತ್ತಗಿತ್ತು ಎಂದು ಬರೆಯುತ್ತೇನೆ. ಮದುವೆ ಗಂಡುಗಳಿಗೆ ಪ್ರತಿಜ್ಞೆ ಬರೆದುಕೊಡುತ್ತೇನೆ, ಅವರೇ ನಾಲ್ಕು ವರ್ಷದ ಮೇಲೆ ಬಂದು ಹೆಂಡತಿಗೆ ಕ್ಷಮಾಪಣೆ ಬರೆಸಿಕೊಂಡು ಹೋಗುತ್ತಾರೆ. ಬಾಡಿಗೆ ಪುಸ್ತಕದ ಅಂಗಡಿಗಳಿಗೆ ಪ್ರೇಮಕಥೆ ಬರೆದಿದ್ದೇನೆ. ಹದಿನೆಂಟನೇ ಪುಟಕ್ಕೆ ಮೊದಲ ಮುತ್ತು ಬರಲೇಬೇಕು, ಹತ್ತೊಂಬತ್ತಕ್ಕೆ ಹೋದರೆ ವಾಪಸ್ ಕಳಿಸುತ್ತಾರೆ. ಶ್ರೀಮಂತರ ಮಕ್ಕಳ ಕಾಲೇಜು ಪ್ರಬಂಧ ಬರೆದಿದ್ದೇನೆ, ಅದೊಂದಕ್ಕೆ ನನಗೆ ನಾಚಿಕೆಯಿದೆ. ಈಗ ಒಬ್ಬ ಸೆನೆಟರನ ಹೆಂಡತಿಯ ಆತ್ಮಕಥೆ ನಡೆಯುತ್ತಿದೆ. ದಿನಕ್ಕೆ ಆರು ಗಂಟೆ ಅವಳ ‘ನಾನು’ ಬರೆದು, ಸಂತೆಯಲ್ಲಿ ತರಕಾರಿಯವನು ಹೆಸರು ಕೇಳಿದರೆ ಒಂದು ಗಳಿಗೆ ತಡವರಿಸುತ್ತೇನೆ.

ಇವುಗಳ ನಡುವೆ ಸತ್ತವರ ಭಾಷಣ. ಏಜೆನ್ಸಿಯಿಂದ ಒಂದು ಫಾರಂ ಬರುತ್ತದೆ. ಹೆಸರಿನ ಮೊದಲ ಅಕ್ಷರಗಳು, ವಯಸ್ಸು, ಉದ್ಯೋಗ, ಮಕ್ಕಳೆಷ್ಟು, ಮೂರು ಒಳ್ಳೆಯ ಗುಣ. ನಿಮ್ಮ ಕಪಿತಾನನ ಗುಣಗಳಿಗೆ ಅವನ ಮಗ ಏನು ಬರೆದಿದ್ದ ಗೊತ್ತೇ? ‘ಶಿಸ್ತು, ಸ್ವಚ್ಛತೆ, ಸಮಯಪಾಲನೆ.’ ಇದು ಅಪ್ಪನೋ ಗೋಡೆ ಗಡಿಯಾರವೋ? ಅದರಿಂದ ನಾನು ಐದು ಗಂಟೆಯಲ್ಲಿ ಒಬ್ಬ ಮನುಷ್ಯನನ್ನು ಮಾಡಬೇಕಿತ್ತು. ಅವನು ಯಾರೆಂದು ನನಗೆ ಗೊತ್ತಿರಲಿಲ್ಲ.

ಈ ದೇಶದಲ್ಲಿ ಎಲ್ಲ ಅಪ್ಪಂದಿರೂ ಮೀನಿನ ತಲೆ ತಿನ್ನುತ್ತಾರೆ. ಅದಕ್ಕೆ ನೀನು ಕರಾರುಪತ್ರ ಮಾಡಿಸಿಕೊಂಡಿದ್ದೀಯಾ?

ನಿನಗೆ ಸಿಟ್ಟು ಬಂದದ್ದು ಮೀನಿಗಲ್ಲ. ನಾನು ಊರು ಬಿಟ್ಟೆ, ನೀನು ದಕ್ಕೆಯ ಊಟದಂಗಡಿಯಲ್ಲಿ ಸೌಟು ಹಿಡಿದು ನಿಂತೆ. ಹದಿನಾರು ವರ್ಷದಿಂದ ಅದನ್ನು ಹೇಳಲು ಒಂದು ನೆಪ ಹುಡುಕುತ್ತಿದ್ದೆ. ಸಿಕ್ಕಿತಲ್ಲ, ತೃಪ್ತಿಯಾಯಿತೇ?

ಜೋವೆಲಿನ್


ಗಿಮರಾಸ್
ಏಪ್ರಿಲ್ 4

ಜೋವೆಲಿನ್,

ನಿನ್ನ ಕಾಗದದಲ್ಲಿ ಒಂದೇ ಕಡೆ ಹೊಡೆದುಹಾಕಿದ ಗುರುತಿದೆ. ‘ಗೊತ್ತಿರಲಿಲ್ಲ’ ಎನ್ನುವುದಕ್ಕಿಂತ ಮೊದಲು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಒತ್ತಿ ಒತ್ತಿ ಗೀಚಿದ್ದೀ.

ಸೌಟಿನ ವಿಷಯ ಬಿಡು. ನನ್ನ ಸೌಟಿನಿಂದ ನಾಲ್ಕು ಜನಕ್ಕೆ ಹೊಟ್ಟೆ ತುಂಬುತ್ತದೆ, ಯಾರ ಅಪ್ಪನನ್ನೂ ಬೇಯಿಸಿ ಬಡಿಸುವುದಿಲ್ಲ.

ನಿನಗೆ ಮರೆತಿದ್ದರೆ ನೆನಪಿಸುತ್ತೇನೆ. ನಲವತ್ತೊಂದು ವರ್ಷ ದೋಣಿಯಲ್ಲಿ ಜನರನ್ನು ದಾಟಿಸಿದ ಅಪ್ಪನ ಹೆಸರನ್ನು ದೋಣಿಗಳ ಸರದಿ ಪಟ್ಟಿಯಿಂದ ಹೊಡೆದುಹಾಕಿದವನು ಇದೇ ಕಪಿತಾನ್. ಆ ಜಾಗಕ್ಕೆ ಅವನ ತಂಗಿಯ ಮಗನ ದೋಣಿ ಬಂತು. ಅಪ್ಪ ಮೂರು ಬೆಳಿಗ್ಗೆ ಟೋಪಿ ಕೈಯಲ್ಲಿ ಹಿಡಿದು ಅವನ ಕಚೇರಿಯ ಹೊರಗೆ ನಿಂತಿದ್ದ. ಒಳಗೆ ಕರೆಯಲಿಲ್ಲ. ಆ ಮನುಷ್ಯನ ಹೆಣಕ್ಕೆ ನೀನು ನಮ್ಮ ಅಪ್ಪನನ್ನು ಹೊದಿಸಿ ಕಳಿಸಿದೆ. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಅನ್ನುತ್ತಾರೆ. ನೀನು ಎರಡನ್ನೂ ಒಟ್ಟಿಗೆ ಮಾಡಿದೆ.

ಇನ್ನೊಂದು ವಿಷಯ. ಅಪ್ಪನ ಕೆಮ್ಮು ಬರೀ ಕೆಮ್ಮಲ್ಲ. ಆಚೆ ದಡದ ಇಲೊಯಿಲೊ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಜೂನ್ ಕಂಡ್ರೆ ದೇವರ ದಯೆ ಅನ್ಕೊಳ್ಳಿ” ಅಂದರು.

ಆ ದಿನ ಬಂದಾಗ ಅದೇ ಚರ್ಚಿನಲ್ಲಿ, ಅದೇ ಮೈಕಿನ ಮುಂದೆ ನಾನು ನಿಲ್ಲಬೇಕು. ಮೀನಿನ ತಲೆ ಎಂದರೆ, ‘ಅದು ಕಪಿತಾನಂದಲ್ವಾ’ ಅನ್ನುತ್ತಾರೆ. ಸಿಳ್ಳೆ ಎಂದರೆ, ‘ಬೂಟು ಯಾವಾಗ ಬರುತ್ತೆ’ ಅನ್ನುತ್ತಾರೆ. ನಮ್ಮ ಅಪ್ಪನ ಸಾವಿಗೆ ನಮ್ಮ ಅಪ್ಪನೇ ನಕಲು ಆಗುತ್ತಾನೆ. ನಾನು ಏನು ಹೇಳಲಿ? ನೀನೇ ಹೇಳು, ಬರೆಯುವವಳಲ್ಲವೇ.

ಒಟ್ಟು ಎಷ್ಟು ಜನಕ್ಕೆ ಮಾರಿದ್ದೀ?

ಪರ್ಪೆತುವಾ


ಕೆಸೋನ್ ಸಿಟಿ
ಏಪ್ರಿಲ್ 15

ಮನಾಂಗ್,

ಮೂವತ್ತೊಂದು ಜನಕ್ಕೆ.

ಮೂವತ್ತೊಂದು ಜನ ಅಪ್ಪಂದಿರು. ದವಾವೊದ ಒಬ್ಬ ಬ್ಯಾಂಕ್ ಮ್ಯಾನೇಜರಿಗೆ ಬೂಟು ಕೊಟ್ಟೆ. ಸೆಬುವಿನ ಒಬ್ಬ ದಂತವೈದ್ಯನಿಗೆ ಸಿಳ್ಳೆ. ಅವನಿಗೆ ದೋಣಿ ಇರಲಿಲ್ಲ, ಲಿಫ್ಟಿನಲ್ಲಿ ಸಿಕ್ಕಿಕೊಂಡದ್ದು ಎಂದು ತಿರುಗಿಸಿದೆ. ಅಮ್ಮನ ಜಡೆಗೆ ಎಣ್ಣೆ ಹಚ್ಚುತ್ತಿದ್ದದ್ದು, ಕುರುಡು ನಾಯಿಗೆ ಅನ್ನ ಜಗಿದು ಇಡುತ್ತಿದ್ದದ್ದು, ಎಲ್ಲ ಹೋಗಿದೆ. ಕಪಿತಾನ್ ಯಾರೆಂದು ನನಗೆ ಗೊತ್ತಿತ್ತು. ಫಾರಂನಲ್ಲಿ ಊರಿನ ಹೆಸರಿತ್ತು. ಬೇಡ ಅನ್ನಬಹುದಿತ್ತು. ಬೇಡ ಎಂದವರಿಗೆ ಏಜೆನ್ಸಿಯಲ್ಲಿ ನಕ್ಷತ್ರ ಕಡಿಮೆಯಾಗುತ್ತದೆ, ನಕ್ಷತ್ರ ಕಡಿಮೆಯಾದವರಿಗೆ ಕೆಲಸ ಬರುವುದಿಲ್ಲ. ನಮ್ಮ ಮೇಲೆ ಕಪಿತಾನ್ ಇಲ್ಲ ಎಂದುಕೊಂಡೆಯಾ?

ಒಳ್ಳೆಯವನು ಎಂದು ಬರೆಯಲು ಕೂತರೆ ನನ್ನ ಕೈಗೆ ಬರುವುದು ಒಬ್ಬನೇ. ನನಗೆ ಇನ್ನೊಬ್ಬ ಒಳ್ಳೆಯ ಗಂಡಸಿನ ಪರಿಚಯವಿಲ್ಲ. ಇದನ್ನು ನೀನು ನಗಲು ಬಳಸಿಕೋ.

ಕಾಯಿಲೆಯ ಸುದ್ದಿಯನ್ನು ಎರಡನೆಯ ಕಾಗದದ ಕೊನೆಗೆ ಇಟ್ಟೆಯಲ್ಲ, ಅದು ನನಗೆ ಅರ್ಥವಾಗಿದೆ. ಮೊದಲು ಬೈದು ಮುಗಿಸಬೇಕಿತ್ತು, ಅಲ್ಲವೇ?

ಮಾರಿದ ವಾಕ್ಯ ಮತ್ತೆ ನನ್ನದಲ್ಲ, ಕರಾರು ಹಾಗಿದೆ. ನೀನು ಹೇಳಿದರೂ ಅಷ್ಟೇ, ಹಳೆಯದನ್ನು ಬಳಸುವಂತಿಲ್ಲ. ಹೊಸದಾಗಿ ಬರೆಯುತ್ತೇನೆ. ನಾನು ಮಾರದೇ ಇರುವ ಸಂಗತಿ ಏನಾದರೂ ಉಳಿದಿದ್ದರೆ ಕಳಿಸು. ಅಷ್ಟು ವರ್ಷ ಜೊತೆಗೇ ಇದ್ದೀಯಲ್ಲ, ಏನಾದರೂ ಇರಲೇಬೇಕು. ಸುಲಭವಾಗಲಿ ಎಂದು ಫಾರಂ ಇಟ್ಟಿದ್ದೇನೆ.

ಈಗಲೇ ಬರಲಾಗುವುದಿಲ್ಲ. ಸೆನೆಟರನ ಹೆಂಡತಿ ಮೇ ಕೊನೆಗೆ ಪುಸ್ತಕ ಕೇಳಿದ್ದಾಳೆ.

ಜೋವೆಲಿನ್


ಗಿಮರಾಸ್
ಏಪ್ರಿಲ್ 29

ಜೋವೆಲಿನ್,

ಲಕೋಟೆಯಿಂದ ಫಾರಂ ಬಿದ್ದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರು. ನಾನು ನಕ್ಕದ್ದನ್ನು ನೋಡಿ ಒಬ್ಬ, “ಲಾಟರಿ ಹೊಡೀತಾ ಮನಾಂಗ್?” ಅಂದ. ಸ್ವಂತ ಅಪ್ಪ ಒಳಗೆ ಮಲಗಿ ಕೆಮ್ಮುತ್ತಿದ್ದಾನೆ, ಮಗಳು ಮೂರು ಒಳ್ಳೆಯ ಗುಣ ತುಂಬಿ ಕಳಿಸಿ ಎನ್ನುತ್ತಾಳೆ. ಇಂಥವಳನ್ನು ಎಲ್ಲಿ ಹುಡುಕಿದರೂ ಸಿಗುವುದಿಲ್ಲ.

ತುಂಬಿದ್ದೇನೆ. ಅದಕ್ಕೆ ಮೊದಲು ಒಂದು ಮಾತು. ಅಪ್ಪ ಆ ಶನಿವಾರ ಚರ್ಚಿನಲ್ಲಿದ್ದ. ನನ್ನ ಪಕ್ಕದಲ್ಲೇ ಕೂತಿದ್ದ. ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ, ಹೇಳಿದರೆ ಅದನ್ನೂ ಎಲ್ಲಾದರೂ ಮಾರಿಬಿಡುತ್ತೀ ಎಂದು.

ಭಾಷಣ ಮುಗಿದು ಮನೆಗೆ ಬರುವಾಗ ಅಪ್ಪ ಹೇಳಿದ: “ಪಾಪ ಕಣೇ ಕಪಿತಾನ್. ಮೀನಲ್ಲಿ ತಲೇನೇ ಅಲ್ವಾ ರುಚಿ? ಅದನ್ನ ತಿಂದಿದ್ದಕ್ಕೂ ಮಗ ಅಳ್ಬೇಕಾ?”

ಅಪ್ಪನಿಗೆ ತಲೆ ನಿಜವಾಗಿ ಇಷ್ಟ, ಜೋವೆಲಿನ್. ಅಮ್ಮ ಒಂದು ಸಲ ಬೆಕ್ಕಿಗೆ ಹಾಕಿದಳೆಂದು ಎರಡು ದಿನ ಮಾತು ಬಿಟ್ಟಿದ್ದ. ಈಗಲೂ ನಾನು ಹುಳಿಸಾರು ಮಾಡಿದರೆ ಕಣ್ಣನ್ನು ಚೀಪಿ ಚೀಪಿ ತಿನ್ನುತ್ತಾನೆ. ನೀನು ಹದಿನಾರನೇ ವಯಸ್ಸಿಗೆ ಮನೆ ಬಿಟ್ಟವಳು. ಅಲ್ಲಿ ಕೂತು ಅದಕ್ಕೆ ತ್ಯಾಗದ ಬಣ್ಣ ಕಟ್ಟಿದೆ. ಮೂವತ್ತೊಂದು ಊರುಗಳಲ್ಲಿ ಜನ ಅತ್ತದ್ದು ಒಬ್ಬನ ಬಾಯಿಚಪಲಕ್ಕೆ.

ನಾಲ್ಕು ದಿನ ಕಳೆದು, ಬಲೆ ಹೆಣೆಯುತ್ತ ಕೂತವನು ತಲೆ ಎತ್ತದೆ ಕೇಳಿದ: “ಅದನ್ನ ಬರೆದಿದ್ದು ನಮ್ಮ ಇಂದಾಯ್ ಅಲ್ವೇನೇ?” ಚಿಕ್ಕ ಮಗಳೆಂದು ನಿನ್ನನ್ನು ಈಗಲೂ ಅವನು ಹಾಗೇ ಕರೆಯುವುದು. ಅವನೇ ಮುಂದುವರಿಸಿದ: “ಸಿಳ್ಳೆ ವಿಷ್ಯ ದೋಣೀಲಿ ಇದ್ದೋರಿಗೆ ಬಿಟ್ರೆ ಯಾರಿಗೆ ಗೊತ್ತು? ಆದ್ರೆ ತಪ್ಪು ಬರ್ದವ್ಳೆ. ನಿಮ್ಗೆ ಧೈರ್ಯ ಬರ್ಲಿ ಅಂತ ಅಲ್ಲ ಕಣೇ ನಾನು ಹೊಡೆದಿದ್ದು. ನಂಗೇ ಹೆದ್ರಿಕೆ. ಬಾಯಿಬಿಟ್ರೆ ಅಳು ಬಂದ್ಬಿಡ್ತಿತ್ತು. ಸಿಳ್ಳೆ ಹಾಕೋವಾಗ ಅಳೋಕಾಗಲ್ಲ, ನೋಡು ಬೇಕಾದ್ರೆ.”

ಅವನು ಸಿಟ್ಟಾಗಲಿಲ್ಲ. ಅದೇ ನನಗೆ ತಡೆಯಲಾಗದ್ದು. ಸಿಟ್ಟು ನಾನೊಬ್ಬಳೇ ಹೊರಬೇಕಾಗಿದೆ.

ಫಾರಂ ಹೀಗಿದೆ. ಹೆಸರು: ಅನ್ಸೆಲ್ಮೊ. ವಯಸ್ಸು: 74. ಉದ್ಯೋಗ: ದೋಣಿ. ಮಕ್ಕಳು: ಇಬ್ಬರು, ಇರುವುದು ಒಬ್ಬಳು. ಗುಣ ಒಂದು: ಮೀನಿನ ತಲೆ ಎಂದರೆ ಪ್ರಾಣ. ಗುಣ ಎರಡು: ನೀರೆಂದರೆ ಹೆದರಿಕೆ, ನಲವತ್ತೊಂದು ವರ್ಷ ದಿನಾ ಹೋದ. ಮೂರನೆಯದು ಖಾಲಿ ಬಿಟ್ಟಿದ್ದೇನೆ. ಅದನ್ನು ಬಂದು ತುಂಬು. ಅಂಚೆಯಲ್ಲಿ ತುಂಬಬೇಡ.

ಪರ್ಪೆತುವಾ


ಕೆಸೋನ್ ಸಿಟಿ
ಮೇ 24

ಮನಾಂಗ್,

ಇದರ ಜೊತೆ ಅಂಟಿಸಿದ ಲಕೋಟೆ ಇದೆ. ಅಪ್ಪನಿಗೆ ಓದಿ ಹೇಳಬೇಡ. ಆ ದಿನ ಬಂದಾಗ ಚರ್ಚಿನಲ್ಲಿ ಓದು. ಬಳಸದಿದ್ದರೆ ವಾಪಸ್ ಕಳಿಸು.

ಅವನು ಹೆದರಿದ್ದ ಎನ್ನುವುದನ್ನು ನಾನು ನಂಬುವುದಿಲ್ಲ. ನೀನು ನನ್ನನ್ನು ಹಣಿಯಲು ಕಟ್ಟಿದ್ದು. ನಾನು ಅವನ ಕಾಲಡಿಯೇ ಕೂತಿದ್ದೆ, ಮುಖ ನೋಡುತ್ತಲೇ ಇದ್ದೆ.

ಜೋವೆಲಿನ್


ಗಿಮರಾಸ್
ಜೂನ್ 10

ಜೋವೆಲಿನ್,

ಮೇ 31ಕ್ಕೆ ಅಪ್ಪ ಹೋದ. ಅದನ್ನು ಅವತ್ತೇ ಫೋನಿನಲ್ಲಿ ಹೇಳಿಸಿದ್ದೆ. ಎಂಟು ದಿನ ನಿನಗಾಗಿ ಪೆಟ್ಟಿಗೆಯನ್ನು ಮನೆಯಲ್ಲಿಟ್ಟು ಕಾದೆವು. ಬಂದವರೆಲ್ಲ, “ಟೀಚರಮ್ಮ ಬರ್ಲಿಲ್ವಾ?” ಎಂದು ಕೇಳಿದರು. ರಜೆ ಸಿಕ್ಕಿಲ್ಲ ಎಂದೆ. ಅಪ್ಪನ ಸುಳ್ಳನ್ನು ನಾನೂ ಎಂಟು ದಿನ ಕಾಪಾಡಿದೆ. ಒಂಬತ್ತನೆಯ ದಿನ, ಶನಿವಾರ, ಗಾಳಿ ಎದ್ದು ಕರಾವಳಿ ಕಾವಲಿನವರು ದೋಣಿಗಳನ್ನೆಲ್ಲ ನಿಲ್ಲಿಸಿದರು. ಆಚೆಯಿಂದ ಯಾರೂ ಬರುವಂತಿರಲಿಲ್ಲ. ಇನ್ನು ಕಾಯುವುದು ಯಾರಿಗಾಗಿ ಎಂದು ಎತ್ತಿದೆವು.

ಪೂಜೆ ಮುಗಿದ ಮೇಲೆ ಮೈಕಿನ ಮುಂದೆ ನಿಂತೆ. ನಿನ್ನ ಲಕೋಟೆ ಕೈಯಲ್ಲೇ ಇತ್ತು. ರೊಮುವಾಲ್ಡೊ ಮೊದಲ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ, ಈಗ ಅವನೇ ಕಪಿತಾನ್. ಅವನ ಕಾಲು ನೋಡಿದೆ, ಲಕೋಟೆ ಒಡೆಯಲಿಲ್ಲ.

“ನಮ್ಮಪ್ಪನ ಬಗ್ಗೆ ನಾನೇನೂ ಹೊಸದಾಗಿ ಹೇಳ್ಬೇಕಾಗಿಲ್ಲ” ಅಂದೆ. “ಮಾರ್ಚಲ್ಲಿ ಇದೇ ಜಾಗದಲ್ಲಿ ನೀವೆಲ್ಲ ಕೇಳಿದ್ದೀರಿ, ಅತ್ತಿದ್ದೀರಿ. ದೋಣಿ ಇದ್ದಿದ್ದು ನಮ್ಮಪ್ಪಂಗೆ. ಸಿಳ್ಳೆ ಹೊಡೆದಿದ್ದು ನಮ್ಮಪ್ಪ. ಬೂಟು ನನ್ನ ತಂಗೀದು. ಅವಳು ಟೀಚರ್ ಅಲ್ಲ, ದುಡ್ಡು ಕೊಟ್ಟೋರಿಗೆ ಬರ್ದು ಕೊಡ್ತಾಳೆ. ಅವಳು ಮಾರಿದ್ಲು, ಅವರು ಕೊಂಡ್ಕೊಂಡ್ರು. ಎರಡು ತಪ್ಪು ತಿದ್ದಬೇಕು. ಸಿಳ್ಳೆ ಹೊಡೆದಿದ್ದು ಹೆದರಿಕೆಗೆ. ಮೀನಿನ ತಲೆ ಅಪ್ಪಂಗೆ ನಿಜವಾಗ್ಲೂ ಇಷ್ಟ, ದಕ್ಕೇಲಿ ನನ್ನ ಅಂಗಡೀಲಿ ತಿಂದೋರಿಗೆಲ್ಲ ಗೊತ್ತು.”

ಹಿಂದಿನ ಬೆಂಚುಗಳಲ್ಲಿ ದೋಣಿಯವರು ಮೊದಲು ನಕ್ಕರು. ಒಬ್ಬ ಮುದುಕ, “ಹೌದಪ್ಪ, ನನ್ನ ತಟ್ಟೆಯಿಂದ್ಲೂ ಎತ್ಕೋತಿದ್ದ” ಅಂದ. ಆಮೇಲೆ ಎಲ್ಲರೂ ನಕ್ಕರು, ನಕ್ಕವರೇ ಅತ್ತರು. ರೊಮುವಾಲ್ಡೊ ಹೆಂಡತಿಯ ಕೈ ಹಿಡಿದು ಎದ್ದು ಹೋದ. ಪಾದ್ರಿ ನನ್ನ ಮುಖ ನೋಡಲಿಲ್ಲ.

ನಿನ್ನ ಲಕೋಟೆಯನ್ನು ಅಪ್ಪನ ಅಂಗಿಯ ಜೇಬಿನಲ್ಲಿಟ್ಟೆ. ಪೆಟ್ಟಿಗೆ ಮುಚ್ಚುವ ಮೊದಲು, ಒಡೆಯದೆ. ಬಳಸದಿದ್ದರೆ ವಾಪಸ್ ಕಳಿಸು ಎಂದಿದ್ದೆಯಲ್ಲ, ಮೂವತ್ತೆರಡನೆಯವನು ಯಾರೋ ಕಾದಿದ್ದ ಅಂತ ಕಾಣುತ್ತದೆ. ಇನ್ನು ಅದನ್ನು ಯಾರಿಗೂ ಮಾರಲಾಗುವುದಿಲ್ಲ.

ಮತ್ತೆ ಬರೆಯಬೇಡ.

ಪರ್ಪೆತುವಾ


ಕೆಸೋನ್ ಸಿಟಿ
ಜೂನ್ 21

ಮನಾಂಗ್,

ಬರೆಯುತ್ತೇನೆ. ನೀನು ಹೇಳಿದ್ದನ್ನು ನಾನು ಯಾವತ್ತು ಕೇಳಿದ್ದೇನೆ?

ರೊಮುವಾಲ್ಡೊ ಏಜೆನ್ಸಿಗೆ ದೂರು ಕೊಟ್ಟ. ಮರುದಿನವೇ ಪಟ್ಟಿಯಿಂದ ನನ್ನ ಹೆಸರು ತೆಗೆದರು. ಅಪ್ಪನ ಹೆಸರು ಹೊಡೆದದ್ದು ಆ ಮನೆಯ ಅಪ್ಪ, ನನ್ನದು ಮಗ. ಮೈಕಿನ ಮುಂದೆ ನನ್ನನ್ನು ಹರಾಜು ಹಾಕಿದಾಗ ಹೀಗಾಗುತ್ತದೆಂದು ನಿನಗೆ ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೂ ನೀನು ನಿಲ್ಲಿಸುತ್ತಿರಲಿಲ್ಲ.

ಏಳು ದಿನ ನಾನು ಬರದೇ ಇದ್ದದ್ದು ನಿಜ. ಪುಸ್ತಕದ ಕೊನೆಯ ಅಧ್ಯಾಯ ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಅದು. ಎಂಟನೆಯ ದಿನ ಹೊರಟೆ. ಶನಿವಾರ ಬೆಳಿಗ್ಗೆ ಆರಕ್ಕೆ ಇಲೊಯಿಲೊ ದಕ್ಕೆಯಲ್ಲಿದ್ದೆ. ನಡುವೆ ಇರುವುದು ಕಾಲು ಗಂಟೆಯ ನೀರು. ನಮ್ಮ ಚರ್ಚಿನ ಗೋಪುರ ಅಲ್ಲಿಂದ ಕಾಣುತ್ತಿತ್ತು. ಒಬ್ಬೊಬ್ಬ ದೋಣಿಯವನ ಹತ್ತಿರವೂ ಹೋಗಿ ಬೇಡಿದೆ. “ಅನ್ಸೆಲ್ಮೊ ಮಗಳಾ? ಅವನಿದ್ದಿದ್ರೂ ಈ ಗಾಳೀಲಿ ಬಿಡ್ತಿರ್ಲಿಲ್ಲಮ್ಮ” ಅಂದರು. ಮಧ್ಯಾಹ್ನದ ತನಕ ನಿಂತಿದ್ದೆ. ಗಂಟೆ ಹೊಡೆದದ್ದು ಕೇಳಿಸಿತೋ ಇಲ್ಲವೋ, ಗಾಳಿಯಲ್ಲಿ ತಿಳಿಯಲಿಲ್ಲ. ನಾನು ಸಿಳ್ಳೆ ಹಾಕಲು ನೋಡಿದೆ. ಬರಲಿಲ್ಲ, ಅಳು ಬಂತು. ಹಾಗಾಗಿ ನೀನು ಬರೆದದ್ದು ಸುಳ್ಳಲ್ಲವೆಂದು ಗೊತ್ತಾಯಿತು. ಇದನ್ನು ಒಪ್ಪಿಕೊಂಡೆ ಎಂದು ಬೀಗಬೇಡ.

ಆ ಲಕೋಟೆಯಲ್ಲಿದ್ದದ್ದು ಮೂರನೆಯ ಖಾನೆಯ ಉತ್ತರ. ಕೈಯಲ್ಲೇ ಬರೆದದ್ದು, ನೀನು ಹೇಳಿದ ಹಾಗೆ. ಹನ್ನೆರಡು ದಿನ ಹಿಡಿಯಿತು, ಅರ್ಧ ಹಾಳೆ. ವಾಪಸ್ ಕಳಿಸು ಎಂದದ್ದು ಮಾರಲಿಕ್ಕಲ್ಲ. ಕುಕ್ಕರ್ ಬಗ್ಗೆ ಬರೆದರೂ ನಕಲು ಇಟ್ಟುಕೊಳ್ಳುವವಳು ನಾನು, ಅದೊಂದಕ್ಕೆ ಇಟ್ಟುಕೊಂಡಿರಲಿಲ್ಲ. ನಿನ್ನನ್ನು ಇದಕ್ಕಾಗಿ ನಾನು ಕ್ಷಮಿಸುವುದಿಲ್ಲ, ನೀನೂ ನನ್ನನ್ನು ಕ್ಷಮಿಸಬೇಡ.

ನೆನಪು ಮಾಡಿಕೊಂಡು ಮತ್ತೆ ಬರೆಯಲು ನಿನ್ನ ಕಾಗದ ಬಂದಾಗಿನಿಂದ ದಿನಾ ಕೂರುತ್ತಿದ್ದೇನೆ. ಪೆನ್ನಿಗೆ ಬರುವುದೆಲ್ಲ ಆ ಮೂವತ್ತೊಂದು ಜನರದು.

ಜೋವೆಲಿನ್